ರೇಡಿಯೋ ಅಂಗಡಿಯಲ್ಲಿ ಹುಟ್ಟಿದ ನಾದ

ಗಿಟಾರ್ ಕಲಿಯುವ ಹುಡುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ತಪ್ಪದೆ ಬರುತ್ತದೆ. ಹಾವೇರಿಯಿಂದ ಬರುವ ಫೋನಿನಲ್ಲೂ ಅದೇ, ರಾಣೆಬೆನ್ನೂರಿನ ಕಾಲೇಜಿನವರು ವೇದಿಕೆಯ ಹಿಂದೆ ಹಿಡಿದು ನಿಲ್ಲಿಸಿ ಕೇಳುವುದೂ ಅದೇ: "ಸರ್, ಈ ವಾಲ್ವ್ ಆಂಪ್ಲಿಫೈಯರ್‌ದಾಗ ಅಂಥಾದ್ದೇನೈತ್ರಿ? ಐದು ವ್ಯಾಟಿನ ಡಬ್ಬಿಗೆ ಬೈಕಿನ ರೊಕ್ಕ ಯಾಕ್ ಕೊಡ್ತಾರ್ರಿ?" ಫೋನಿನ ಪರದೆಯ ಮೇಲೆ ಅದನ್ನು ಅವರು ನೋಡಿರುತ್ತಾರೆ. ಮಾಸಲು ಹಳದಿ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಮೇಲೊಂದು ಚರ್ಮದ ಹಿಡಿಕೆ, ಹಿಂಬದಿಯಲ್ಲಿ ಕೆಂಡದ ಬಣ್ಣಕ್ಕೆ ತಿರುಗಿದ ಗಾಜಿನ ಬುರುಡೆಗಳು. ಮುಂದೆ ಕುಳಿತವನು ಒಂದೇ ಒಂದು ಸ್ವರ ಮೀಟುತ್ತಾನೆ, ಅದು ಸಾಯದೆ ನಿಂತು ಬೆಳೆಯುತ್ತದೆ. ಕೆಳಗೆ ಕಾಮೆಂಟು ಬರೆದವರೆಲ್ಲ "ಟೋನ್, ಟೋನ್" ಅಂತಿರುತ್ತಾರೆ. ಆ ಟೋನ್ ಅಂದರೆ ಏನು, ಅದು ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನಾನು ಕೊಡುವ ಉತ್ತರ ಕೇಳಿ ಹುಡುಗರು ಸ್ವಲ್ಪ ನಿರಾಶರಾಗುತ್ತಾರೆ. ಅದು ನಿಮ್ಮ ಅಜ್ಜನ ಕಾಲದ ರೇಡಿಯೋ ಕಣ್ರಪ್ಪ, ಅಂತೇನೆ. ಮಾತಿಗೆ ಹೇಳುವುದಲ್ಲ. ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿ, ಸ್ಟೇಷನ್ ಹಿಡಿಯುವ ಭಾಗವನ್ನು ಬಿಟ್ಟು ಉಳಿದದ್ದನ್ನು ನೋಡಿದರೆ, 1950ರ ದಶಕದ ಗಿಟಾರ್ ಆಂಪ್ಲಿಫೈಯರ್ ಹೆಚ್ಚುಕಡಿಮೆ ಅದೇ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಆಗ ಧಾರವಾಡ ಜಿಲ್ಲೆಯ ಊರುಗಳೇ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಪಡಸಾಲೆ, ರಾಣೆಬೆನ್ನೂರಿನ ಅರಳೆ ವ್ಯಾಪಾರಿಗಳ ಅಟ್ಟ, ಹಾವೇರಿಯ ಚಹಾದಂಗಡಿಯ ಗೋಡೆಗೂಡು, ಎಲ್ಲ ಕಡೆ ಕುಳಿತಿದ್ದದ್ದು ಫಿಲಿಪ್ಸ್, ಮರ್ಫಿ ಹೆಸರಿನ ವಾಲ್ವ್ ಸೆಟ್ಟುಗಳು. ಗುಂಡಿ ತಿರುಗಿಸಿದ ಕೂಡಲೇ ಅವು ಮಾತಾಡುತ್ತಿರಲಿಲ್ಲ. ಒಳಗಿನ ತಂತಿ ಕಾಯಬೇಕು. ಅರ್ಧ ನಿಮಿಷದ ಹೊತ್ತಿಗೆ ಸಣ್ಣಗೆ 'ಗುಂಯ್' ಎಂದು ಶುರುವಾಗಿ, ಆಮೇಲೆ ದನಿ ದೂರದಿಂದ ನಡೆದುಬಂದಂತೆ ಮುಂದಕ್ಕೆ ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಆ 'ಗುಂಯ್' ಗೊತ್ತು. ಆ ಸೆಟ್ಟುಗಳಲ್ಲಿ ಹಲವಕ್ಕೆ ಸ್ಪೀಕರನ್ನು ಅಲುಗಾಡಿಸುವ ಕೊನೆಯ ವಾಲ್ವು ಇಎಲ್ 84. ಬೆರಳುದ್ದದ ಗಾಜು, ಬುಡದಲ್ಲಿ ಒಂಬತ್ತು ಪಿನ್ನು. ಇಂಗ್ಲೆಂಡಿನ ವಾಕ್ಸ್ ಕಂಪನಿಯ ಎಸಿ 30 ಎಂಬ ಆಂಪ್ಲಿಫೈಯರಿನಲ್ಲಿ, ಅಂದರೆ ಬೀಟಲ್ಸ್ ತಂಡದವರು ಜಗತ್ತಿಗೆ ಕೇಳಿಸಿದ ಆ ಗಿಟಾರಿನ ಹಿಂದೆ, ಇದ್ದದ್ದೂ ಇದೇ ಇಎಲ್ 84. ಅಲ್ಲಿ ನಾಲ್ಕು, ನಮ್ಮ ರೇಡಿಯೋದಲ್ಲಿ ಒಂದು.

ಇದು ಕಾಕತಾಳೀಯವಲ್ಲ, ಯಾಕೆಂದರೆ ಗಿಟಾರ್ ಆಂಪ್ಲಿಫೈಯರ್ ಹುಟ್ಟಿದ್ದೇ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅಂಗಡಿಗೆ ಬರುವ ವಾದ್ಯಗಾರರು ಏನು ಬೇಕೆಂದು ಹೇಳುತ್ತಿದ್ದರು, ಇವರು ಬೆಸುಗೆ ಹಾಕಿ ಕೊಡುತ್ತಿದ್ದರು. ವಾಲ್ವ್ ತಯಾರಿಸುವ ಕಂಪನಿಗಳು ತಮ್ಮ ಮಾಲು ಹೇಗೆ ಬಳಸಬೇಕೆಂದು ಅಚ್ಚು ಹಾಕಿಸಿ ಹಂಚುತ್ತಿದ್ದ ಕೈಪಿಡಿಗಳ ಸರ್ಕ್ಯೂಟುಗಳೇ ಅವರ ಮೊದಮೊದಲ ಆಂಪ್ಲಿಫೈಯರುಗಳಿಗೆ ಬುನಾದಿ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತಮ್ಮ ಮೊದಲ ಆಂಪ್ಲಿಫೈಯರ್ ಹೊರತಂದಾಗ, ಅಂಗಡಿಯ ರಿಪೇರಿ ಕೆಲಸಗಾರ ಕೆನ್ ಬ್ರಾನ್ ಮತ್ತು ಸಂಗಡಿಗರು ಮುಂದಿಟ್ಟುಕೊಂಡದ್ದು ಫೆಂಡರ್ ಅವರ ಬಾಸ್‌ಮನ್ ಮಾದರಿಯನ್ನು. ಕೈಗೆ ಸಿಕ್ಕ ಬಿಡಿಭಾಗ ಬೇರೆ, ಸ್ಪೀಕರ್ ಬೇರೆ. ಆದ್ದರಿಂದ ದನಿಯೂ ಬೇರೆಯಾಯಿತು. ಸ್ಟೇಷನ್ ರಸ್ತೆಯ ರೇಡಿಯೋ ಅಂಗಡಿಯಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿ ಕುಳಿತ ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಮಾಡುತ್ತಿದ್ದ ಕೆಲಸವೂ ಇದೇ ಜಾತಿಯದ್ದು. ವಾಲ್ವು ಸಹ ದೂರದ್ದಾಗಿರಲಿಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಇಳಿಯಿತು. ಗಾಜಿನ ಮೇಲೆ 'ಬೆಲ್' ಎಂದು ಮುದ್ರೆಯಿದ್ದ ಇಎಲ್ 84, ಇಸಿಸಿ 83 ವಾಲ್ವುಗಳು ಜಾಲಹಳ್ಳಿಯಿಂದ ಹೊರಟು ನಮ್ಮೂರ ಅಂಗಡಿಗಳ ಡ್ರಾಯರಿಗೆ ಬಂದು ಕೂರುತ್ತಿದ್ದವು. ಇವತ್ತು ಅದೇ ಹಳೆಯ ದಾಸ್ತಾನನ್ನು ಹೊರದೇಶದ ಗಿಟಾರ್ ವಾದಕರು ಹುಡುಕಿ ಕೊಳ್ಳುತ್ತಾರೆ.

ನನ್ನ ಮೇಜಿನ ಮೇಲಿರುವುದು ಫೆಂಡರ್ ಚಾಂಪ್ ಎಂಬ 1950ರ ದಶಕದ ಮಾದರಿಯನ್ನು ನೋಡಿ ರಾಣೆಬೆನ್ನೂರಿನಲ್ಲಿ ಕಟ್ಟಿಸಿದ್ದು. ಇದಕ್ಕಿಂತ ಸರಳವಾದ ಆಂಪ್ಲಿಫೈಯರ್ ಸಿಗುವುದು ಕಷ್ಟ. ಮೂರು ವಾಲ್ವು, ಎರಡು ಟ್ರಾನ್ಸ್‌ಫಾರ್ಮರ್, ಎಂಟು ಇಂಚಿನ ಒಂದು ಸ್ಪೀಕರ್, ಒಂದೇ ಒಂದು ಗುಂಡಿ. ಕಟ್ಟಿಕೊಟ್ಟ ಹಿರಿಯರಿಗೆ ಗಿಟಾರಿನ ಗೊಡವೆಯೇ ಇರಲಿಲ್ಲ. ನಕ್ಷೆ ಮುಂದಿಟ್ಟಾಗ ಕೂಡಲೇ ಬೆರಳಿಟ್ಟು ತೋರಿಸಿದರು: "ಇದರಾಗ ಹೊಸಾದೇನೈತಿ ತಮ್ಮಾ, ರೇಡಿಯೋದ್ದ ಹಿಂದಿನ ಅರ್ಧ. ಟ್ಯೂನಿಂಗ್ ತಗದಾರ, ಅಷ್ಟ." ಅವರು ಹೇಳಿದ್ದನ್ನೇ ಇಲ್ಲಿ ಬಿಡಿಸುತ್ತೇನೆ.

ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ಇರುತ್ತದೆ. ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಒಂದು ವೋಲ್ಟಿನೊಳಗಿನ ಚೂರು ವಿದ್ಯುತ್ತು ಹುಟ್ಟುತ್ತದೆ. ಅದು ಕೇಬಲ್ಲಿನಲ್ಲಿ ಬಂದು ಮೊದಲ ವಾಲ್ವಿನ ಬಾಗಿಲು ತಟ್ಟುತ್ತದೆ. ಇದು ಇಸಿಸಿ 83. ಅಮೆರಿಕದವರು 12ಎಎಕ್ಸ್7 ಎನ್ನುತ್ತಾರೆ. ಗಾಜಿನೊಳಗಿನ ಗಾಳಿ ತೆಗೆದಿರುತ್ತಾರೆ. ನಡುವೆ ಕಾದ ಲೋಹದ ಕೊಳವೆಯಿಂದ ಎಲೆಕ್ಟ್ರಾನುಗಳು ಚಿಮ್ಮುತ್ತವೆ, ಸುತ್ತಲಿನ ತಗಡಿಗೆ ಕೊಟ್ಟ ನೂರಾರು ವೋಲ್ಟು ಅವನ್ನು ತನ್ನೆಡೆಗೆ ಎಳೆಯುತ್ತದೆ. ಎರಡರ ಮಧ್ಯೆ ಕೂದಲೆಳೆಯಂಥ ತಂತಿಯ ಜಾಲರಿ. ಗಿಟಾರಿನಿಂದ ಬಂದ ಚೂರು ವೋಲ್ಟೇಜು ಈ ಜಾಲರಿಯ ಮೇಲೆ ಏರಿಳಿದರೆ ಸಾಕು, ಆ ದೊಡ್ಡ ಹರಿವು ಅದರಂತೆಯೇ ಏರಿಳಿಯುತ್ತದೆ. ಇಸಿಸಿ 83ರ ವರ್ಧನಾಂಕ 100. ಹೀಗೆ ಬೆಳೆದ ಸಂಕೇತವನ್ನು ಎರಡನೇ ವಾಲ್ವು, ನನ್ನದರಲ್ಲಿ 6ವಿ6, ಹೊತ್ತುಕೊಂಡು ಶಕ್ತಿ ತುಂಬುತ್ತದೆ. ವಾಲ್ವಿನಲ್ಲಿ ಹರಿಯುವುದು ಹೆಚ್ಚು ವೋಲ್ಟು, ಕಡಿಮೆ ಕರೆಂಟು. ಸ್ಪೀಕರಿಗೆ ಬೇಕಾದದ್ದು ಇದರ ತಿರುಗುಮುರುಗು. ಇಬ್ಬರಿಗೂ ಒಪ್ಪಂದ ಮಾಡಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಮೂರನೆಯ ವಾಲ್ವು, 5ವೈ3, ಮನೆಯ ಎಸಿಯನ್ನು ಡಿಸಿ ಮಾಡುವುದಕ್ಕೆ. ಇಷ್ಟೇ.

ಟೋನ್ ಎಂಬುದು ಶುರುವಾಗುವುದು ಈ ವ್ಯವಸ್ಥೆಯನ್ನು ಅದರ ಅಳತೆ ಮೀರಿ ದುಡಿಸಿದಾಗ. ನನ್ನ ಗುಂಡಿಯ ಮೇಲೆ 12ರವರೆಗೆ ಅಂಕಿಗಳಿವೆ. ಅರ್ಧದೊಳಗೆ ಇದ್ದರೆ ದನಿ ಸ್ವಚ್ಛ. ಅದರಾಚೆ ತಿರುಗಿಸಿದರೆ ವಾಲ್ವು ಕೊಡಬಲ್ಲ ಗರಿಷ್ಠ ಮಿತಿಗೆ ಅಲೆಯ ನೆತ್ತಿ ಬಡಿಯುತ್ತದೆ, ಚಪ್ಪಟೆಯಾಗುತ್ತದೆ. ನಮ್ಮ ಮೈಕಿನವರು ಇದಕ್ಕೆ "ಧ್ವನಿ ಒಡೀತೈತಿ" ಅನ್ನುತ್ತಾರೆ, ಕೂಡಲೇ ಗುಂಡಿ ಇಳಿಸುತ್ತಾರೆ. ಭಾಷಣಕ್ಕೆ, ಭಜನೆಗೆ ಅದು ದೋಷವೇ ಸರಿ. ಅಮೆರಿಕದ ಎಂಜಿನಿಯರುಗಳೂ ಅದನ್ನು ದೋಷವೆಂದೇ ಭಾವಿಸಿದ್ದರು. ಕಿವಿ ಬೇರೆ ತೀರ್ಪು ಕೊಟ್ಟಿತು. 1951ರಲ್ಲಿ ಐಕ್ ಟರ್ನರ್ ತಂಡ 'ರಾಕೆಟ್ 88' ಧ್ವನಿಮುದ್ರಣಕ್ಕೆ ಮೆಂಫಿಸ್‌ಗೆ ಹೊರಟಾಗ ಆಂಪ್ಲಿಫೈಯರ್ ದಾರಿಯಲ್ಲಿ ಪೆಟ್ಟು ತಿಂದಿತು, ಹಾಳಾದ ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು ಎಂದು ಹೇಳುತ್ತಾರೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಲ್ಪಿಕೋ ಎಂಬ ಪುಟ್ಟ ವಾಲ್ವ್ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿಯೇಬಿಟ್ಟರು. ಆ ಒಡೆದ ದನಿಯೇ ಬೇಕೆಂದು ಹುಡುಗರು ಸಾಲುಗಟ್ಟಿದ್ದು ಆಮೇಲೆ.

ಒಡೆದ ದನಿ ಚೆಂದ ಕೇಳಿಸುವುದಕ್ಕೆ ಕಾರಣವಿದೆ, ಮತ್ತು ಆ ಕಾರಣವನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನಮ್ಮ ಜಿಲ್ಲೆಯವರಿಗಿಂತ ತಯಾರಾದ ಕಿವಿ ಬೇರೆಲ್ಲೂ ಇರಲಿಕ್ಕಿಲ್ಲ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ, ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿ, ಎರಡೂ ಹಾನಗಲ್ಲ ತಾಲೂಕಿನವು. ತಂಬೂರಿಯ ಶ್ರುತಿಯಲ್ಲಿ ಬೆಳೆದ ನಾಡು ಇದು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ಸರಿಸಿ ಜವಾರಿ ಕೂರಿಸುವುದನ್ನು ನೋಡಿದವರಿಗೆ ಗೊತ್ತು: ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣ ಬೋಳು ಷಡ್ಜ ಒಮ್ಮೆಗೇ ಅರಳುತ್ತದೆ. ಅದರೊಳಗಿಂದ ಮೇಲಿನ ಷಡ್ಜ, ಅದರ ಮೇಲಿನ ಪಂಚಮ, ಕಿವಿಗೊಟ್ಟರೆ ಗಾಂಧಾರವೂ ಕೇಳಿಸುತ್ತದೆ. ಯಾರೂ ಮೀಟದ ಸ್ವರಗಳು ಅವು. ಮೂಲ ಕಂಪನದ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದ ಉಪಸ್ವರಗಳು. ವಾಲ್ವು ಅಲೆಯ ನೆತ್ತಿಯನ್ನು ಚಪ್ಪಟೆ ಮಾಡಿದಾಗ ಹುಟ್ಟುವುದೂ ಇವೇ. ನನ್ನದರಂತೆ ಒಂದೇ ಪವರ್ ವಾಲ್ವು ಇರುವ ಆಂಪ್ಲಿಫೈಯರಿನಲ್ಲಿ ಅಲೆಯ ಎರಡು ಬದಿ ಒಂದೇ ಸಮನಾಗಿ ಚಪ್ಪಟೆಯಾಗುವುದಿಲ್ಲ. ಆಗ ಎರಡರಷ್ಟಿನ ಉಪಸ್ವರ, ಅಂದರೆ ತಾರ ಷಡ್ಜ, ಗಟ್ಟಿಯಾಗಿ ಬರುತ್ತದೆ. ಎಷ್ಟಾದರೂ ಅದು ಅದೇ ಸ್ವರದ ಮೇಲಿನ ಮನೆ; ಕಿವಿಗೆ ಅಪಸ್ವರವೆನಿಸುವುದಿಲ್ಲ, ತುಂಬಿದ ಹಾಗೆ ಅನಿಸುತ್ತದೆ. ಎರಡು ವಾಲ್ವು ಎದುರುಬದುರು ದುಡಿಯುವ ದೊಡ್ಡ ಆಂಪ್ಲಿಫೈಯರುಗಳಲ್ಲಿ ಕೊನೆಯ ಹಂತದ ಈ ಸಮಸಂಖ್ಯೆಯ ಉಪಸ್ವರಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ, ಮೂರರಷ್ಟಿನದು, ಅಂದರೆ ಪಂಚಮ, ಮುಂದೆ ಬರುತ್ತದೆ. ಆ ದನಿಗೆ ಹೆಚ್ಚು ಚೂಪು, ಹೆಚ್ಚು ಆವೇಶ.

ರಾಕ್ ಗಿಟಾರಿನವರು ಜೋರಾಗಿ ಒಡೆದ ದನಿಯಲ್ಲಿ ಪೂರ್ತಿ ಕಾರ್ಡ್ ಹಿಡಿಯದೆ ಸ ಮತ್ತು ಪ ಎರಡನ್ನೇ ಹಿಡಿಯುವುದು ಯಾಕೆಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಎರಡು ಸ್ವರ ಒಟ್ಟಿಗೆ ವಾಲ್ವಿನ ಮಿತಿಗೆ ಬಡಿದರೆ ಅವೆರಡರ ಮೊತ್ತ ಮತ್ತು ವ್ಯತ್ಯಾಸದ ವೇಗದ ಹೊಸ ಸ್ವರಗಳೂ ಹುಟ್ಟುತ್ತವೆ. ಸ ಮತ್ತು ಪ ಎರಡಕ್ಕೆ ಮೂರರ ಅನುಪಾತ. ವ್ಯತ್ಯಾಸ ಒಂದು, ಅದು ಕೆಳಗಿನ ಷಡ್ಜ. ಹೀಗೆ ಹುಟ್ಟಿದ್ದೆಲ್ಲ ಅದೇ ಮನೆತನದ್ದಾಗಿ, ಎರಡು ತಂತಿ ಮೀಟಿದರೆ ಮೂರನೆಯದೊಂದು ಖರ್ಜ ತಾನಾಗಿ ಕೇಳಿಸುತ್ತದೆ. ನಡುವೆ ಗಾಂಧಾರ ಸೇರಿಸಿದರೆ ಕಷ್ಟ. ಗಿಟಾರಿನ ಮನೆಗಳು ಸಮಪಾಲಿನವು, ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸ್ವಲ್ಪ ಏರಿಕೆಯದು. ಆ ಚೂರು ವ್ಯತ್ಯಾಸ ಒಡೆದ ದನಿಯಲ್ಲಿ ದೊಡ್ಡದಾಗಿ ಗದ್ದಲ ಮಾಡುತ್ತದೆ. ಹಿಂದೂಸ್ತಾನಿ ಕೇಳಿದ ಕಿವಿ ಇದನ್ನು ಬೇಗ ಹಿಡಿಯುತ್ತದೆ.

ಇನ್ನೊಂದು ಗುಣ ಬೆರಳಿಗೆ ಸಂಬಂಧಿಸಿದ್ದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ತಂತಿಯನ್ನು ಬಲವಾಗಿ ಮೀಟಿದಾಗ, ಅದರಲ್ಲೂ ಎರಡು ವಾಲ್ವು ಎದುರುಬದುರು ದುಡಿಯುವ ಆಂಪ್ಲಿಫೈಯರಿನಲ್ಲಿ, ಪವರ್ ವಾಲ್ವು ಒಮ್ಮೆಲೇ ಹೆಚ್ಚು ಕರೆಂಟು ಕೇಳುತ್ತದೆ. 5ವೈ3 ಅಷ್ಟು ಬೇಗ ಕೊಡಲಾರದು, ಒಳಗಿನ ವೋಲ್ಟೇಜು ಕ್ಷಣ ಕುಸಿದು ಮತ್ತೆ ಏರುತ್ತದೆ. ಕಿವಿಗೆ ಇದು ಹೇಗೆ ತಲಪುತ್ತದೆಂದರೆ, ಮೀಟಿದ ಪೆಟ್ಟು ಮೆದುವಾಗಿ, ಅದರ ಬೆನ್ನಿಗೆ ಸ್ವರ ಉಬ್ಬಿ ಬರುತ್ತದೆ. ಗಾಯಕರು ಸ್ವರ ಹಚ್ಚುವ ರೀತಿ ಅದು. ಮೆಲ್ಲಗೆ ಮೀಟಿದರೆ ಅದೇ ಆಂಪ್ಲಿಫೈಯರ್ ಸ್ವಚ್ಛವಾಗಿ ಮಾತಾಡುತ್ತದೆ. ಆಂಪ್ಲಿಫೈಯರಿನ ಗುಂಡಿಯನ್ನು ಮುಕ್ಕಾಲಿಗೆ ಇಟ್ಟು, ಗಿಟಾರಿನ ಮೇಲಿನ ವಾಲ್ಯೂಮನ್ನು ಕಿರುಬೆರಳಲ್ಲಿ ಇಳಿಸಿ ಏರಿಸಿ ನೋಡಿ: ಇಳಿಸಿದರೆ ಮಾತು, ಏರಿಸಿದರೆ ಕೂಗು, ನಡುವೆ ಗದ್ಗದ. ಯಾವ ಪೆಡಲನ್ನೂ ತುಳಿಯಬೇಕಿಲ್ಲ. ರಾಕ್ ಗಾಯಕ, ಗಿಟಾರ್ ವಾದಕ ನೀಲ್ ಯಂಗ್ ಅವರ ಹಳೆಯ ಫೆಂಡರ್ ಟ್ವೀಡ್ ಡಿಲಕ್ಸ್ ಆಂಪ್ಲಿಫೈಯರ್ ಕೇಳಿದವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ.

ವ್ಯಾಟಿನ ಮಾತು. ಹುಡುಗರು ಮೊದಲು ಕೇಳುವುದೇ "ಎಷ್ಟ್ ವ್ಯಾಟ್ರಿ?" ಐದು ಎಂದರೆ ಮುಖ ಸಣ್ಣದಾಗುತ್ತದೆ. ಕಿವಿಯ ಲೆಕ್ಕ ಬೇರೆ. ದನಿ ಎರಡರಷ್ಟು ಜೋರೆನಿಸಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಅಂದರೆ 50 ವ್ಯಾಟಿನದು 5 ವ್ಯಾಟಿನದಕ್ಕಿಂತ ಕೇಳುವುದಕ್ಕೆ ಎರಡರಷ್ಟು ಮಾತ್ರ ಜೋರು. ಗಿಟಾರಿಗೆ ಮಾಡಿದ ಒಳ್ಳೆಯ ಸ್ಪೀಕರ್ ಒಂದೇ ವ್ಯಾಟಿಗೆ ಮನೆಯ ಕಿಟಕಿ ದಾಟುತ್ತದೆ. ಗೋಡೆಗೆ ಗೋಡೆ ಹಚ್ಚಿದ ನಮ್ಮ ಓಣಿಗಳಲ್ಲಿ ಐದು ವ್ಯಾಟೇ ಹೆಚ್ಚು. ಮುಖ್ಯ ವಿಷಯವೆಂದರೆ, ವಾಲ್ವು ಒಡೆಯುವ ಮಟ್ಟಕ್ಕೆ ಮುಟ್ಟಿದಾಗಲೇ ಈ ನಾದ. 50 ವ್ಯಾಟಿನದನ್ನು ಆ ಮಟ್ಟಕ್ಕೆ ಒಯ್ಯಲು ಮನೆಯಲ್ಲಿ ಸಾಧ್ಯವೇ ಇಲ್ಲ, ಗುಂಡಿ ಎರಡರ ಮೇಲೆ ಏರುವುದಿಲ್ಲ, ದುಬಾರಿ ಸಾಮಾನು ಬಾಯಿ ಮುಚ್ಚಿಕೊಂಡೇ ಇರುತ್ತದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಖಾರವನ್ನು ಕೇಳುವುದಿಲ್ಲ, ಬಣ್ಣವನ್ನು ನೋಡುತ್ತಾರೆ. ಗಿಟಾರ್ ಆಂಪ್ಲಿಫೈಯರ್ ಕೊಳ್ಳುವವರೂ ಹಾಗೇ ನೋಡಬೇಕು. ಮೊದಲ ವಾಲ್ವ್ ಆಂಪ್ಲಿಫೈಯರ್ ಐದು ವ್ಯಾಟಿನದೇ ಇರಲಿ ಎಂಬುದು ನನ್ನ ಸಲಹೆ.

ಹಾಗಂತ ಟ್ರಾನ್ಸಿಸ್ಟರಿನದನ್ನು, ಡಿಜಿಟಲ್ಲಿನದನ್ನು ನಾನು ತಳ್ಳಿಹಾಕುವುದಿಲ್ಲ. ಗಣೇಶೋತ್ಸವದ ರಸಮಂಜರಿಯಲ್ಲಿ ನುಡಿಸುವವನಿಗೆ ಅವೇ ಸರಿ. ಅಲ್ಲಿ ಗಿಟಾರು ಸೀದಾ ಮಿಕ್ಸರಿಗೆ ಹೋಗುತ್ತದೆ, ಜನರೇಟರಿನ ಕರೆಂಟು ಕುಣಿಯುತ್ತಿರುತ್ತದೆ, ಒಂದು ಹಾಡಿಗೂ ಮುಂದಿನದಕ್ಕೂ ದನಿ ಬದಲಿಸಬೇಕು. 1981ರ 'ಗೀತಾ' ಚಿತ್ರದ ಹಾಡಿಲ್ಲದೆ ನಮ್ಮ ಕಡೆ ರಸಮಂಜರಿ ಮುಗಿಯುವುದಿಲ್ಲ. ಅದರ ಸಂಗೀತ ನಿರ್ದೇಶಕ ಇಳಯರಾಜ, ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ಕನ್ನಡ ಚಿತ್ರಗಳಲ್ಲಿ ಪಳಗಿದವರು. ಆ ಹಾಡುಗಳ ಗಿಟಾರಿಗೆ ಬೇಕಾದದ್ದು ಕನ್ನಡಿಯಂಥ ಸ್ವಚ್ಛತೆ. ಒಡೆದ ನಾದವನ್ನು ಲೆಕ್ಕ ಹಾಕಿ ಕೊಡುವ ಡಿಜಿಟಲ್ ಪೆಟ್ಟಿಗೆಗಳೂ ಇಂದು ಬಹಳ ಚೆನ್ನಾಗಿವೆ. ಮನೆಯಲ್ಲಿ ಒಬ್ಬನೇ ಕುಳಿತು, ಬೆರಳಿಗೂ ಸ್ಪೀಕರಿಗೂ ನಡುವೆ ಏನೂ ಇಲ್ಲದೆ ನುಡಿಸುವ ಸುಖಕ್ಕೆ ಮಾತ್ರ ನಾನು ವಾಲ್ವನ್ನೇ ಆರಿಸುತ್ತೇನೆ.

ಈಗ ನನ್ನನ್ನು ನಿಜವಾಗಿ ನೋಯಿಸುವ ವಿಷಯಕ್ಕೆ ಬರುತ್ತೇನೆ. ದೇವರಗುಡ್ಡದ ಮಾಲತೇಶನ ಜಾತ್ರೆ ಇರಲಿ, ಓಣಿಯ ಮದುವೆ ಇರಲಿ, ಕಂಪನಿ ನಾಟಕದ ಡೇರೆ ಇರಲಿ, ಟ್ರಾನ್ಸಿಸ್ಟರ್ ಬರುವ ಮುಂಚೆ ಕಹಳೆ ಸ್ಪೀಕರುಗಳನ್ನು ಊದಿಸುತ್ತಿದ್ದದ್ದು ವಾಲ್ವ್ ಆಂಪ್ಲಿಫೈಯರುಗಳು. ಹಾರ್ಮೋನಿಯಂ, ತಬಲಾ, ನಟಿಯ ಹಾಡು, ಎಲ್ಲ ಒಂದೇ ಪೆಟ್ಟಿಗೆಯಿಂದ. ಎರಡು ಕೈ ಹಾಕಿ ಎತ್ತಬೇಕಾದ ತೂಕ. ಆ ತೂಕವೇ ಅವಕ್ಕೆ ಮುಳುವಾಯಿತು. ಟ್ರಾನ್ಸ್‌ಫಾರ್ಮರಿನೊಳಗಿನ ತಾಮ್ರ, ಕಬ್ಬಿಣಕ್ಕೆ ಕೆಜಿ ಲೆಕ್ಕದ ಬೆಲೆ ಸಿಗುತ್ತದೆಂದು ಮೈಕ್ ಸೆಟ್ಟಿನವರು ಗುಜರಿಗೆ ಹಾಕಿದರು. ಗುಜರಿಯವನು ಮಾಡುವ ಮೊದಲ ಕೆಲಸ ಗಾಜು ಒಡೆಯುವುದು. ನಾನು ಕಣ್ಣಾರೆ ನೋಡಿದ್ದೇನೆ, ಸುತ್ತಿಗೆಯ ಪೆಟ್ಟಿಗೆ ವಾಲ್ವು 'ಟಪ್' ಎಂದು ಸಿಡಿದು ಒಳಗಿನ ಬೆಳ್ಳಿಬಣ್ಣದ ಲೇಪ ಬೆಳ್ಳಗೆ ಹಾಲಿನಂತಾಗುವುದನ್ನು. ಎಂಜಿನಿಯರಿಂಗ್ ಓದಿದ ಹುಡುಗ ಹೊರದೇಶದಿಂದ ತರಿಸಲು ಸಾಲ ಮಾಡುವ ವಸ್ತು, ಅವನ ಊರಿನ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ತೂಗಿ ಹೋಗುತ್ತಿದೆ.

ಇವತ್ತು ಜಗತ್ತಿನಲ್ಲಿ ಹೊಸ ವಾಲ್ವು ದೊಡ್ಡ ಪ್ರಮಾಣದಲ್ಲಿ ತಯಾರಾಗುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದಲ್ಲಿ. 2022ರಲ್ಲಿ ರಷ್ಯಾದಿಂದ ಬರುವುದು ತಡೆದಾಗ ಎಲ್ಲೆಡೆ ಬೆಲೆ ಏರಿತು. ಅದಕ್ಕೇ ಅಟ್ಟದ ಮೇಲಿನ ಹಳೆಯ ಸೆಟ್ಟನ್ನು ಮಾರುವ ಮುನ್ನ ಗಾಜಿನ ಮೇಲಿನ ಅಕ್ಷರ ಓದಿ ಎಂದು ಬೇಡಿಕೊಳ್ಳುತ್ತೇನೆ. ಇಸಿಸಿ 83, ಇಎಲ್ 84, ಇಎಲ್ 34, 6ವಿ6, 6ಎಲ್6, ಇವುಗಳಲ್ಲಿ ಯಾವುದಿದ್ದರೂ ಅದು ಗಿಟಾರಿಗೆ ಬರುವ ವಾಲ್ವು. ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಗಿಟಾರು ಸೇರಿಸಿ ನುಡಿಸಲೂಬಹುದು. ಕಹಳೆ ಸ್ಪೀಕರ್ ಮಾತ್ರ ಬೇಡ, ಅದು ಕಿವಿ ಕೊರೆಯುತ್ತದೆ. ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ಆಸುಪಾಸಿನ ಮೇಲೆ ದನಿಯನ್ನು ತಾನೇ ಇಳಿಸುತ್ತದೆ. ಒಡೆದ ದನಿಯ ಮುಳ್ಳು ಮುರಿಯುವುದು ಅಲ್ಲಿ. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ಹಚ್ಚಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಅಪಾಯದ ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಒಳಗಿರುವುದು 250ರಿಂದ 400 ವೋಲ್ಟಿನ ಡಿಸಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಉಳಿದಿರುತ್ತದೆ, ಪ್ರಾಣ ತೆಗೆಯುವಷ್ಟು. ಗಿಟಾರಿನ ಉಕ್ಕಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ತಗಡಿಗೆ ಜೋಡಣೆಯಾಗಿರುತ್ತವೆ. ತಗಡಿಗೆ ಕರೆಂಟು ಸೋರಿದರೆ ಸೀದಾ ಬೆರಳಿಗೆ. ಹಳೆಯ ಎರಡು ಪಿನ್ನಿನ ವೈರು ಕಿತ್ತು, ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕಿಸದೆ ಗಿಟಾರ್ ಚುಚ್ಚಬೇಡಿ, ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನೂ ನೋಡಿಸಿ. ಯುಸಿಎಚ್ 81, ಯುಎಲ್ 84, ಯುವೈ 85 ಎಂದು 'ಯು' ಅಕ್ಷರದಿಂದ ಶುರುವಾಗುವ ವಾಲ್ವು ಇರುವ ರೇಡಿಯೋಗಳು ಎಸಿ–ಡಿಸಿ ಸೆಟ್ಟುಗಳು. ಅವುಗಳ ತಗಡು ಮನೆಯ ಕರೆಂಟಿಗೇ ನೇರ ಸೇರಿರುತ್ತದೆ. ಅವಕ್ಕೆ ಗಿಟಾರು ಸೇರಿಸುವ ಯೋಚನೆಯನ್ನೇ ಮಾಡಬೇಡಿ. ನಮ್ಮಲ್ಲಿ ಸಂಜೆ ವೋಲ್ಟೇಜ್ ಬೀಳುವುದೂ ವಾಲ್ವಿಗೆ ಒಳ್ಳೆಯದಲ್ಲ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಬೇಕೆಂದೇ ವೇರಿಯಾಕ್ ಎಂಬ ಟ್ರಾನ್ಸ್‌ಫಾರ್ಮರ್ ಹಚ್ಚಿ ವೋಲ್ಟೇಜು ಇಳಿಸಿ ನುಡಿಸುತ್ತಿದ್ದರು, ನಿಜ. ಆದರೆ ದಿನವೂ ಹೀಟರಿಗೆ 6.3 ವೋಲ್ಟಿಗಿಂತ ಬಹಳ ಕಡಿಮೆ ಸಿಕ್ಕರೆ ಕ್ಯಾಥೋಡಿನ ಆಯುಷ್ಯ ಕುಗ್ಗುತ್ತದೆ. ಫ್ರಿಜ್ಜಿಗೆ ಹಾಕುವಂಥ ಸ್ಟೆಬಿಲೈಜರ್ ಒಂದಿದ್ದರೆ ಸಾಕು.

ಈ ಕೆಲಸ ಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಅಂಗಡಿಯ ಮುಂದೆ ಈಗ ಮೊಬೈಲ್ ರಿಪೇರಿ ಬೋರ್ಡು, ಒಳಗೆ ಮೂಲೆಯಲ್ಲಿ ಅವರ ಕುರ್ಚಿ. ಮಗನೋ ಅಳಿಯನೋ ಮುಂದೆ ಕುಳಿತು ಡಿಸ್ಪ್ಲೇ ಬದಲಿಸುತ್ತಿರುತ್ತಾನೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರಲ್ಲೂ ಟ್ರಾನ್ಸ್‌ಫಾರ್ಮರ್ ಸುತ್ತಬಲ್ಲ ಕೈಗಳಿವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುತ್ತುಗಳನ್ನು ಪದರ ಪದರವಾಗಿ ಹೆಣೆಯುವುದು ಬೇರೆ ವಿದ್ಯೆ, ಹಿರಿಯರು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರೆ ಬರುವಂಥದ್ದು. ಗಿಟಾರ್ ಕಲಿಯುವ ಹುಡುಗರಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಬಹಳ ಮಂದಿ. ಅವರು ಒಂದು ರಜೆಯನ್ನು ಇಂಥ ಅಂಗಡಿಯಲ್ಲಿ ಕಳೆಯಬೇಕೆಂಬುದು ನನ್ನ ದೊಡ್ಡ ಆಸೆ. ಅಜ್ಜಾರ, ಕಾಕಾ ಎಂದು ಕರೆದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರೆ ಯಾರೂ ಇಲ್ಲವೆನ್ನುವುದಿಲ್ಲ.

ಅಟ್ಟದಿಂದ ಇಳಿಸಿದ ಸೆಟ್ಟನ್ನು ಮನೆಯಲ್ಲೇ ಪ್ಲಗ್ಗಿಗೆ ಹಾಕಿ ನೋಡುವ ಆತುರ ಬೇಡ. ಹಾಗೇ ಅಂಗಡಿಗೆ ಒಯ್ಯಿರಿ. ಬಲ್ಲ ಮೆಕ್ಯಾನಿಕ್ ಮೊದಲು ಹಳೆಯ ತಂತಿ ಬಲ್ಬೊಂದನ್ನು ನಡುವೆ ಸೀರೀಸಿನಲ್ಲಿ ಹಾಕಿ ಕರೆಂಟು ಕೊಡುತ್ತಾರೆ. ಬಲ್ಬು ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಸೆಟ್ಟಿಗೆ ಜೀವವಿದೆ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್. ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಇಷ್ಟು ವರ್ಷಕ್ಕೆ ಒಣಗಿರುತ್ತವೆ, ಕಾಗದದವು ಸೋರುತ್ತಿರುತ್ತವೆ. ಎರಡನ್ನೂ ಬದಲಿಸಲು ಹೇಳಿ, ಅದಕ್ಕೆ ದೊಡ್ಡ ಖರ್ಚಿಲ್ಲ. ಎರಡೂ ಟ್ರಾನ್ಸ್‌ಫಾರ್ಮರ್ ಸರಿಯಿದ್ದರೆ ಉಳಿದದ್ದೆಲ್ಲ ಕೈಗೂಡುವ ಕೆಲಸ. ಗಾಜಿನ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಒರೆಸಬೇಡಿ, ಬಾಯಿಂದ ಹಬೆ ಊದಿ ಓರೆ ಬೆಳಕಿಗೆ ಹಿಡಿದರೆ ಎಷ್ಟೋ ಸಲ ಓದಲು ಬರುತ್ತದೆ. ಆಗಲೂ ತಿಳಿಯದಿದ್ದರೆ ವಾಲ್ವಿನ ಒಳಗಿನ ರಚನೆ ಕಾಣುವಂತೆ ಒಂದು ಫೋಟೋ ತೆಗೆದು, ಪಿನ್ನು ಎಷ್ಟಿವೆ ಎಂದು ಎಣಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ರಾಣೆಬೆನ್ನೂರಿನ ಹಿರಿಯರಿಗೆ ತೋರಿಸಿ ಉತ್ತರ ಬರೆಯುತ್ತೇನೆ.